ಸ್ವಿಚ್‌ಗೆ ವಿಳಾಸ ಹೇಳಿಕೊಟ್ಟವರು ಯಾರು?

ದೀಪಾವಳಿ ಹಿಂದಿನ ವಾರ. ಬೆಂಗಳೂರಿನಲ್ಲಿ ಮೀಟಿಂಗ್‌ನಲ್ಲಿದ್ದೆ. ಬನಹಟ್ಟಿಯಿಂದ ಕಾಕಾನ ಫೋನ್: "ತಮ್ಮಾ, ಬಿಲ್ ಬರವಲ್ದು. ಅಂಗಡಿ ತುಂಬ ಮಂದಿ ನಿಂತೈತಿ. ಏನರ ಮಾಡಪಾ."

ಸೀರೆ ಅಂಗಡಿಗೆ ವರ್ಷದ ದುಡಿಮೆ ಅಂದ್ರೆ ಅದೇ ವಾರ. ಹೊರಗೆ ಬಂದು ವಿಡಿಯೊ ಕಾಲ್ ಮಾಡಿದೆ.

ಕಾಕಾನ ಎರಡು ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ ಎಲ್ಲವೂ ಎಂಟು ಪೋರ್ಟಿನ ಒಂದು ಸಾದಾ ಸ್ವಿಚ್‌ಗೆ ಸೇರಿವೆ. ಸ್ವಿಚ್ ಅಂದ್ರೆ ಹಲವು ಪೋರ್ಟುಗಳ ಬ್ರಿಡ್ಜ್. ಯಾರು ಎಲ್ಲಿದ್ದಾರೆ ಅಂತ ಅದಕ್ಕೆ ಯಾರೂ ಪಟ್ಟಿ ಕೊಟ್ಟಿರಲ್ಲ, ತಾನೇ ಕಲಿಯುತ್ತೆ.

ಪ್ರತಿ ಸಾಧನಕ್ಕೂ 48 ಬಿಟ್‌ನ ಒಂದು ಮ್ಯಾಕ್ ವಿಳಾಸ. ಅದು ಕಳಿಸುವ ಪ್ರತಿ ಫ್ರೇಮ್‌ನಲ್ಲೂ ಪತ್ರದ ಹಾಗೆ "ಇಂದ", "ಗೆ" ಎರಡೂ ಇರುತ್ತವೆ. ಸ್ವಿಚ್ ಕಲಿಯುವುದು "ಇಂದ" ನೋಡಿ. ಪ್ರಿಂಟರ್‌ನ ಫ್ರೇಮ್ 3ನೇ ಪೋರ್ಟಿನಿಂದ ಬಂದರೆ, ಪ್ರಿಂಟರ್ ಅಲ್ಲಿದೆ ಅಂತ ಬರೆದುಕೊಳ್ಳುತ್ತೆ. "ಗೆ" ವಿಳಾಸ ಪಟ್ಟಿಯಲ್ಲಿದ್ದರೆ ಆ ಪೋರ್ಟಿಗೆ ಮಾತ್ರ ಕಳಿಸುತ್ತೆ. ಇಲ್ಲದಿದ್ದರೆ, ಬಂದ ಪೋರ್ಟ್ ಬಿಟ್ಟು ಉಳಿದ ಎಲ್ಲಕ್ಕೂ. ಸಾಮಾನ್ಯವಾಗಿ 300 ಸೆಕೆಂಡ್ ಸುದ್ದಿಯೇ ಇಲ್ಲದಿದ್ದರೆ ಆ ಹೆಸರು ಅಳಿಸಿಹಾಕುತ್ತೆ.

ವಿಡಿಯೊದಲ್ಲಿ ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೇ ಹುಚ್ಚೆದ್ದು ಮಿನುಗುತ್ತಿದ್ದವು. ಆಗಲೇ ಗೊತ್ತಾಯ್ತು. ಕಸ ಗುಡಿಸುವಾಗ ಸಡಿಲ ಬಿದ್ದಿದ್ದ ಕೇಬಲ್ ತುದಿ ನೋಡಿ, ಅಂಗಡಿ ಹುಡುಗ ಅದನ್ನೂ ಒಂದು ಖಾಲಿ ಪೋರ್ಟಿಗೆ ಚುಚ್ಚಿದ್ದ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್‌ನಲ್ಲಿತ್ತು!

ಎಲ್ಲರಿಗೂ ಅಂತ ಕಳಿಸಿದ ಫ್ರೇಮ್ 6ರಿಂದ ಹೊರಟು 7ರಲ್ಲಿ ಒಳಬರುತ್ತೆ, ಮತ್ತೆ ಎಲ್ಲ ಕಡೆ ಹೋಗುತ್ತೆ. ಅದಕ್ಕೆ ಕೊನೆಯೇ ಇಲ್ಲ. ಜೊತೆಗೆ ಪ್ರಿಂಟರ್‌ನ "ಇಂದ" ಈಗ 6ರಲ್ಲಿ, ಈಗ 7ರಲ್ಲಿ ಕಾಣುತ್ತೆ. ಸ್ವಿಚ್ ಅದನ್ನೂ ನಂಬಿ ಪಟ್ಟಿ ತಿದ್ದುತ್ತೆ. ಇಂಥ ಸುತ್ತು ತಡೆಯೋಕೆ ರಾಡಿಯಾ ಪರ್ಲ್‌ಮನ್ 1985ರಲ್ಲೇ ಸ್ಪ್ಯಾನಿಂಗ್ ಟ್ರೀ ರೂಪಿಸಿದ್ದರು. ಆದರೆ ಅಗ್ಗದ ಸ್ವಿಚ್‌ಗಳಲ್ಲಿ ಅದು ಹೆಚ್ಚಾಗಿ ಇರಲ್ಲ.

"ಕಾಕಾ, ಆ ಹಳದಿ ಕೇಬಲ್ ತಗೀರಿ."

ದೀಪಗಳು ಶಾಂತವಾದವು. ಪಟ್ಟಿ ನಾವು ಸರಿಮಾಡಬೇಕಿಲ್ಲ. ಪ್ರಿಂಟರ್ ಒಮ್ಮೆ ಮಾತಾಡಿದರೆ ಸಾಕು, ಅದರ ಜಾಗ ತಾನಾಗಿ ತಿದ್ದಿಕೊಳ್ಳುತ್ತೆ. ಸ್ವಲ್ಪ ಹೊತ್ತಿಗೆ ಬಿಲ್ ಬಂತು.

ನಿಮ್ಮ ಮನೆ, ಅಂಗಡಿಯಲ್ಲೂ ಪ್ರತಿ ಕೇಬಲ್ಲಿನ ಎರಡೂ ತುದಿಗೆ ಹೆಸರು ಬರೆದು ಅಂಟಿಸಿ. ಹತ್ತು ನಿಮಿಷದ ಕೆಲಸ.

ಫೋನ್ ಇಡುವ ಮುಂಚೆ ಕಾಕಾ ಕೇಳಿದರು: "ಕೆಟ್ಟಾಗ ನಾನs ಫೋನ್ ಮಾಡ್ಬೇಕೇನು? ನೀನೂ ಆಗಾಗ ಮಾಡ್ತಿರು."

ಪಟ್ಟಿಯಿಂದ ನನ್ನ ಹೆಸರು ಅಳಿಸೋ ಮುಂಚೆ, ಈ ಸಲ ಹಬ್ಬಕ್ಕೆ ಬಸ್ ಬುಕ್ ಮಾಡಿದೆ.