ಎರಡು ವಾರದ ಅಕ್ಷರದಾನ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು, ಬಂಧುಗಳ ಮಕ್ಕಳಲ್ಲಿ ಒಬ್ಬಿಬ್ಬರು, ರಜೆಯಲ್ಲಿ ಆಫ್ರಿಕಾದ ಯಾವುದಾದರೊಂದು ಶಾಲೆಗೆ ಹೋಗಿ ಎರಡು ವಾರ ಮಕ್ಕಳಿಗೆ ಓದುಬರಹ ಕಲಿಸಿ ಬರುವ ಆಲೋಚನೆಯಲ್ಲಿದ್ದಾರೆ. ವಿಮಾನದ ಟಿಕೇಟು, ವಸತಿ, ಕರೆದೊಯ್ಯುವ ಸಂಸ್ಥೆಯ ಶುಲ್ಕ ಎಲ್ಲವೂ ಇವರದೇ, ಕೊನೆಗೊಂದು ಪ್ರಮಾಣಪತ್ರ. ನನ್ನ ಆಶೀರ್ವಾದ ಬೇಡಿದ್ದಾರೆ. ಅವರ ಸದ್ಬುದ್ಧಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಈ ಯೋಜನೆಗೆ ನನ್ನ ಆಶೀರ್ವಾದವಿಲ್ಲ.

ಓದು ಕಲಿಸುವುದು ಎರಡು ವಾರದ ಕೆಲಸವಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯ ಮಗು 'ಅ ಆ ಇ ಈ' ಎಂದಲ್ಲ, 'ರ ಗ ಸ ದ ಅ' ಎಂದು ಆರಂಭಿಸುತ್ತದೆ. ಆ ಐದೇ ಅಕ್ಷರಗಳಿಂದ ಸರ, ಅರಸ, ಗರಗಸ ಎಂಬ ಪದಗಳನ್ನು ಓದಬಹುದು. ಆದರೆ ಪದದ ಅರ್ಥ ಮೊದಲೇ ತಿಳಿದಿದ್ದರೆ ಮಾತ್ರ ಓದಿದ ಸಂತೋಷ ಮಗುವಿಗೆ ದಕ್ಕುತ್ತದೆ. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ ಆಡುವ ನಮ್ಮೂರ ಮಗುವಿಗೆ ಅಲ್ಲಿಯೇ ತೊಡಕು. ಅದರ ಮನೆಮಾತು ಬಲ್ಲ ಅಧ್ಯಾಪಕರು ಕೈಹಿಡಿದು ನಡೆಸಬೇಕು. ಅನಂತರ ಕಾಗುಣಿತ, ಒತ್ತಕ್ಷರಗಳು. ಅದು ತಿಂಗಳುಗಟ್ಟಲೆ ನಡೆಯುವ ಕೃಷಿ. ತಾಂಜಾನಿಯಾದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಲಿಕೆಯ ಮಾಧ್ಯಮ ಸ್ವಾಹಿಲಿ. ಸ್ವಾಹಿಲಿಯ ಒಂದು ಪದವನ್ನೂ ಅರಿಯದವರು ಅಲ್ಲಿ ಹೋಗಿ ಏನನ್ನು ಕಲಿಸಿಯಾರು? ಹಾಡು, ಆಟ, ಛಾಯಾಚಿತ್ರ, ಅಷ್ಟೇ.

ಹಾಗಾದರೆ ಪರದೇಶದವರು ಬಂದು ಕಲಿಸಲೇಬಾರದೇ ಎಂದು ಕೇಳಬಹುದು. ಉತ್ತರ ಮಂಗಳೂರಿನಲ್ಲಿಯೇ ಇದೆ. 1834ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿಗೆ ಬಂದುದು ಮತಪ್ರಚಾರಕ್ಕಾಗಿ, ನಿಜ. ಆದರೆ ಅವರು ಮೊದಲು ಈ ನೆಲದ ಭಾಷೆಗಳಿಗೆ ವಿದ್ಯಾರ್ಥಿಗಳಾದರು. ಹರ್ಮನ್ ಮೋಗ್ಲಿಂಗರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. 1853ರಲ್ಲಿ ಭಾರತಕ್ಕೆ ಬಂದ ಕಿಟೆಲರ ನಿಘಂಟು ಅಚ್ಚಾದುದು 1894ರಲ್ಲಿ. ನಡುವೆ ನಾಲ್ಕು ದಶಕಗಳು! ಕಲಿಸಲು ಹೊರಟವನು ಮೊದಲು ಕಲಿಯಬೇಕು, ಕಲಿಯಲು ನಿಲ್ಲಬೇಕು.

ಇನ್ನು ಹರೇಕಳ ಹಾಜಬ್ಬರನ್ನು ನೋಡಿ. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದವರು. ಶಾಲೆಯ ಮುಖ ಕಂಡವರಲ್ಲ. ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದೆ ನೊಂದವರು. ಆ ನೋವಿನಿಂದ ಅವರು ದೂರದೇಶಕ್ಕೆ ಹೋಗಲಿಲ್ಲ. ತಮ್ಮ ಊರಾದ ನ್ಯೂಪಡ್ಪುವಿನ ಮದರಸದಲ್ಲಿ 28 ಮಕ್ಕಳೊಡನೆ ಶಾಲೆ ಆರಂಭವಾಗುವಂತೆ ಮಾಡಿದರು. ಕಿತ್ತಳೆಯ ಬುಟ್ಟಿ ಹೊತ್ತ ದುಡ್ಡನ್ನೇ ಅದಕ್ಕೆ ಸುರಿದು, ಕಚೇರಿಯಿಂದ ಕಚೇರಿಗೆ ಅಲೆದು ಜಾಗ, ಕಟ್ಟಡ, ಅಧ್ಯಾಪಕರನ್ನು ಪಡೆದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದದ್ದು ಎರಡು ವಾರದ ಸೇವೆಗಲ್ಲ.

"ಏನೂ ಮಾಡದಿರುವುದಕ್ಕಿಂತ ಇಷ್ಟಾದರೂ ಮೇಲಲ್ಲವೇ?" ಎಂಬ ವಾದವುಂಟು. ನಾನು ಒಪ್ಪಲಾರೆ. ಬಂದವರು ಹೋಗುತ್ತಾರೆ, ಹೊಸಬರು ಬಂದು ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ನಿತ್ಯ ಅಲ್ಲಿ ಕಲಿಸುವ ಅಧ್ಯಾಪಕನ ಪಾಠ ಅಷ್ಟು ದಿನ ನಿಂತಿರುತ್ತದೆ. ತಪ್ಪು ಕಲಿಸಿದರೆ ತಿದ್ದುವ ಶ್ರಮವೂ ಅವನದೇ. ತರಗತಿಯು ನಮ್ಮ ಪುಣ್ಯಸಂಪಾದನೆಯ ಕ್ಷೇತ್ರವಲ್ಲ.

ಕೊರತೆ ದೂರದಲ್ಲಿ ಮಾತ್ರ ಇದೆಯೆಂದು ಭಾವಿಸಬೇಡಿ. ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಎರಡನೆಯ ತರಗತಿಯ ಪಾಠವನ್ನು ಓದಲಾರರೆಂದು 'ಅಸರ್' ಸಮೀಕ್ಷೆ 2018ರಲ್ಲಿಯೂ 2024ರಲ್ಲಿಯೂ ಹೇಳಿದೆ. ನಮ್ಮ ನಗರದಲ್ಲಿ ಬಹುಮಹಡಿ ಕಟ್ಟಡಗಳನ್ನು ಕಟ್ಟಲು ಬಯಲುಸೀಮೆಯಿಂದ ಬಂದವರ ಮಕ್ಕಳು ಕೆಲಸದ ಜಾಗ ಬದಲಾದಂತೆಲ್ಲ ಶಾಲೆ ಬಿಡುತ್ತಾರೆ. ಅವರ ಬಳಿ ವಾರಕ್ಕೊಂದು ದಿನ, ಒಂದು ವರ್ಷ ತಪ್ಪದೆ ಕುಳಿತುಕೊಳ್ಳಬಲ್ಲಿರಾ?

ಆಫ್ರಿಕಾಕ್ಕೇ ಹೋಗುವ ಹಂಬಲವಿದ್ದರೆ ಹೋಗಿ. ಸ್ವಾಹಿಲಿ ಕಲಿತು ಹೋಗಿ, ಒಂದು ವರ್ಷವಾದರೂ ನಿಲ್ಲಿ, ಅಲ್ಲಿಯ ಅಧ್ಯಾಪಕರ ಕೈಕೆಳಗೆ ದುಡಿಯಿರಿ. ಅಂಥವರಿಗೆ ನನ್ನ ಆಶೀರ್ವಾದ ಸದಾ ಇದೆ. ಅಷ್ಟು ಸಮಯವಿಲ್ಲವೆಂದಾದರೆ ಪ್ರವಾಸಕ್ಕೆಂದು ಹೋಗಿ, ಸಿಂಹ ನೋಡಿ ಬನ್ನಿ. ಅದರಲ್ಲಿ ದೋಷವೇನೂ ಇಲ್ಲ. ಅದನ್ನು ಅಕ್ಷರದಾನವೆಂದು ಮಾತ್ರ ಕರೆಯಬೇಡಿ.