ಪರದೆಯ ಸೂರ್ಯನೂ ಅಂಗಳದ ಕೋಲೂ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಯರು. ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಶಾಲೆ ಹುಡುಕಲು ಹೊರಟವರಿಗೆ ಮೊದಲು ಕೇಳಿಬರುವ ಮಾತು, 'ನಮ್ಮಲ್ಲಿ ಪ್ರತಿ ಕೊಠಡಿಗೂ ಸ್ಮಾರ್ಟ್ ಬೋರ್ಡ್ ಇದೆ' ಎಂಬುದಂತೆ. ಅದಕ್ಕೆ ತಕ್ಕಂತೆ ಶುಲ್ಕವೂ ಏರಿರುತ್ತದೆ. 'ಮೇಷ್ಟ್ರೇ, ಇಷ್ಟು ಹಣ ಕೊಟ್ಟರೆ ಮಗುವಿಗೆ ಪ್ರಯೋಜನವಾದೀತೇ?' ಎಂದು ಅವರು ನನ್ನನ್ನು ಕೇಳುತ್ತಾರೆ. ಈ ಪ್ರಶ್ನೆಗೆ ನನಗೆ ತೋಚಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ತರಗತಿಗೆ ಯಂತ್ರ ಬಂದದ್ದು ನಿನ್ನೆ ಮೊನ್ನೆಯ ಸಂಗತಿಯಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ಪಾಠಗಳು ತಲುಪಿದವು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. 2004ರಲ್ಲಿ ಶಿಕ್ಷಣಕ್ಕೆಂದೇ 'ಎಜುಸ್ಯಾಟ್' ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠಗಳು ಬಂದವು. 2010ರಲ್ಲಿ ಆ ಉಪಗ್ರಹದ ಆಯುಷ್ಯವೂ ಮುಗಿಯಿತು. ಇದೇ ಅವಧಿಯಲ್ಲಿ, ಯಾವ ಸದ್ದುಗದ್ದಲವೂ ಇಲ್ಲದೆ, ಇನ್ನೊಂದು ಪ್ರಯೋಗ ಬೆಳೆಯುತ್ತಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ-ಕಲಿ'ಯ ಸಾಧನಗಳೆಂದರೆ ರಟ್ಟಿನ ಕಾರ್ಡುಗಳು, ಕಲಿಕೆಯ ಏಣಿ, ಮಕ್ಕಳೇ ಬರೆಯುವ ಗೋಡೆಯ ಕೆಳಹಲಗೆ. 2009-10ರ ವೇಳೆಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ವಿಸ್ತರಿಸಿತು. ನಲಿ-ಕಲಿಯಲ್ಲಿ ಕೊರತೆಗಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಸಾಧನವು ಮಗುವಿನ ಕೈಯಲ್ಲಿತ್ತು. ದೂರದರ್ಶನ ಪಾಠದಲ್ಲಿ ಮಗು ಪ್ರೇಕ್ಷಕನಾಗಿತ್ತು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಮರ್ಮ ಇಷ್ಟೇ.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸುತ್ತೇನೆ. 'ಮಧ್ಯಾಹ್ನ ಸೂರ್ಯ ಎಲ್ಲಿರುತ್ತಾನೆ?' ಎಂದು ಯಾವ ಮಗುವನ್ನು ಕೇಳಿದರೂ 'ನೆತ್ತಿಯ ಮೇಲೆ' ಎನ್ನುತ್ತದೆ. ದೊಡ್ಡವರೂ ಹಾಗೆಯೇ ಹೇಳುತ್ತಾರೆ. ಆದರೆ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮ್ಮ ಬೆಂಗಳೂರಿನಲ್ಲಿ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ದಿನ: ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ದೆಹಲಿಯಲ್ಲಂತೂ ಒಂದು ದಿನವೂ ಇಲ್ಲ. ಇದನ್ನು ಪರದೆಯ ಮೇಲೆ ಎರಡು ನಿಮಿಷದಲ್ಲಿ ಬಣ್ಣಬಣ್ಣವಾಗಿ ತೋರಿಸಬಹುದು. ಮಕ್ಕಳು ಚಪ್ಪಾಳೆ ತಟ್ಟಿ, ಮರುದಿನ ಮತ್ತೆ 'ನೆತ್ತಿಯ ಮೇಲೆ' ಎಂದೇ ಬರೆಯುತ್ತಾರೆ.

ಅದೇ ಮಕ್ಕಳು ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟು, ಬಿಸಿಲಿರುವ ದಿನಗಳಲ್ಲಿ ನಡುಹಗಲಿನ ನೆರಳನ್ನು ಅಳೆದು ಬರೆದಿಡಲಿ. ಜೂನ್ ಮೂರನೆಯ ವಾರದಲ್ಲಿ ನೆರಳು ದಕ್ಷಿಣಕ್ಕೆ ಬಿದ್ದಿರುತ್ತದೆ. ಉದ್ದ ಸುಮಾರು 18 ಸೆಂಟಿಮೀಟರ್. ಆಗಸ್ಟ್ ಮಧ್ಯಭಾಗಕ್ಕೆ ಅದು ಕುಗ್ಗಿ ಇಲ್ಲವಾಗಿ, ಬಳಿಕ ಉತ್ತರಕ್ಕೆ ತಿರುಗಿ, ಡಿಸೆಂಬರ್ ಕೊನೆಯ ಭಾಗಕ್ಕೆ ಸುಮಾರು 74 ಸೆಂಟಿಮೀಟರಿಗೆ ಬೆಳೆಯುತ್ತದೆ. ನೆರಳು ದಿಕ್ಕು ಬದಲಿಸಿದ ದಿನ 'ಯಾಕೆ ಸಾರ್?' ಎಂದು ಮಗು ತಾನಾಗಿಯೇ ಕೇಳುತ್ತದೆ. ಪಾಠ ಆರಂಭವಾಗುವುದೇ ಆಗ. ಪರದೆಯ ಚಿತ್ರವನ್ನು ತೋರಿಸಬೇಕಾದ ಸಮಯವೂ ಅದೇ. ಪ್ರಶ್ನೆ ಹುಟ್ಟಿದ ಮೇಲೆ ಬಂದ ಚಿತ್ರ ಮನಸ್ಸಿನಲ್ಲಿ ನಿಲ್ಲುತ್ತದೆ. ಪ್ರಶ್ನೆಗಿಂತ ಮುಂಚೆ ಬಂದದ್ದು ಬರಿಯ ನೋಟವಾಗಿ ಕಳೆದುಹೋಗುತ್ತದೆ.

ಹಾಗೆಂದು ನಾನು ಯಂತ್ರದ್ವೇಷಿಯಲ್ಲ. ಮಿಡಿಯುವ ಹೃದಯದ ಒಳಭಾಗವನ್ನು, ವಿಭಜನೆಗೊಳ್ಳುವ ಜೀವಕೋಶವನ್ನು ಸೀಮೆಸುಣ್ಣದಿಂದ ಎಷ್ಟು ಬರೆದರೂ ಅದು ಚಲಿಸದು. ದೃಷ್ಟಿ ಇಲ್ಲದ ಮಗುವಿಗೆ ಪಠ್ಯವನ್ನು ಓದಿ ಹೇಳುವ ಯಂತ್ರ ನಿಜವಾದ ವರ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯ ಪಾಠಗಳು ಸ್ಮಾರ್ಟ್ ಫೋನ್ ಇಲ್ಲದ ಮನೆಗಳನ್ನೂ ತಲುಪಿದವು. ಆದರೆ ಅರ್ಥವಾಗದ ಮಗು ಕೈ ಎತ್ತಿದರೆ ನೋಡುವವರು ಯಾರೂ ಆ ಪೆಟ್ಟಿಗೆಯಲ್ಲಿರಲಿಲ್ಲ. ಮುಖ ನೋಡಿ 'ಇವನಿಗೆ ತಿಳಿದಿಲ್ಲ' ಎಂದು ಅರಿಯುವ ಕೆಲಸ ಉಪಾಧ್ಯಾಯರದು.

ಆದ್ದರಿಂದ, ಶಾಲೆ ನೋಡಲು ಹೋದಾಗ ಬೋರ್ಡಿನ ಬೆಲೆ ಕೇಳುವ ಬದಲು ಈ ಮೂರು ಪ್ರಶ್ನೆಗಳನ್ನು ಕೇಳಿರಿ. ಕಳೆದ ವಾರ ಮಕ್ಕಳು ತಮ್ಮ ಕೈಯಾರೆ ಏನನ್ನು ಅಳೆದರು, ತೂಗಿದರು, ಕಟ್ಟಿದರು? ಪರದೆಯ ಪಾಠವನ್ನು ನಡುವೆ ನಿಲ್ಲಿಸಿ ಪ್ರಶ್ನೆ ಕೇಳಲು ಮಗುವಿಗೆ ಅವಕಾಶವಿದೆಯೇ? ಕರೆಂಟು ಹೋದ ದಿನ ಅದೇ ಪಾಠವನ್ನು ಉಪಾಧ್ಯಾಯರು ಹೇಗೆ ಮಾಡುತ್ತಾರೆ? ಮೂರಕ್ಕೂ ಸಮಾಧಾನಕರ ಉತ್ತರ ಬಂದರೆ, ಬೋರ್ಡು ಇದ್ದರೂ ಸರಿ, ಇಲ್ಲದಿದ್ದರೂ ಸರಿ, ನಿಶ್ಚಿಂತೆಯಿಂದ ಮಗುವನ್ನು ಸೇರಿಸಿರಿ. ಉತ್ತರ ಬಾರದಿದ್ದರೆ, ಆ ಹೆಚ್ಚಿನ ಶುಲ್ಕ ಸಲ್ಲುವುದು ಗೋಡೆಯ ಅಲಂಕಾರಕ್ಕೆ ಎಂದು ತಿಳಿಯಿರಿ.

ನಿಮ್ಮಲ್ಲಿ ಈಗ ಉಪಾಧ್ಯಾಯರಾಗಿರುವವರೂ ಇದ್ದೀರಿ. ನನ್ನ ಮಾತನ್ನು ಒಪ್ಪದವರು ಅವಶ್ಯವಾಗಿ ಮನೆಗೆ ಬನ್ನಿ, ವಾದಿಸೋಣ. ಒಪ್ಪಿದವರು ಅಂಗಳದಲ್ಲಿ ಒಂದು ಕೋಲು ನೆಡಿ.