ಜಾತ್ರೆಯ ಜಾದೂಗಾರನಿಗೆ ಜಾಗ ಕೊಡಿ

ಮಿರಜ–ಪಂಢರಪುರ ರೈಲು ದಾರಿಯ ಮೇಲಿರುವ ಸಲಗರೆ ಸಾಂಗ್ಲಿ ಜಿಲ್ಲೆಯ ಗಡಿ ಸೀಮೆಯ ಊರು. ಇದರ ಸುತ್ತಮುತ್ತ ದೊಡ್ಡ ಜಾತ್ರೆಗಳಿಗೆ ಬರವಿಲ್ಲ. ಜತ್ತ ತಾಲೂಕಿನ ಗುಡ್ಡಾಪುರದ ದಾನಮ್ಮ, ಜತ್ತದ ಯಲ್ಲಮ್ಮ, ಗಡಿಯಾಚೆ ಅಥಣಿ ತಾಲೂಕಿನ ಕೋಕಟನೂರ ಯಲ್ಲಮ್ಮ, ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕ, ಮಿರಜದ ಮೀರಾಸಾಹೇಬರ ಉರುಸು. ಕನ್ನಡದವರು, ಮರಾಠಿಯವರು ಎಂದು ಬೇರೆ ಬೇರೆ ನಿಲ್ಲದೆ ಜನ ಒಟ್ಟಿಗೆ ಸೇರುವ ಜಾಗಗಳಿವು. ಜಾತ್ರೆ ಹತ್ತಿರ ಬಂದಾಗ ಮೈದಾನದಲ್ಲಿ ಗೆರೆ ಎಳೆದು ತೂಗುತೊಟ್ಟಿಲಿಗೆ ಇಷ್ಟು, ಬೆಂಡು ಬತ್ತಾಸಿನವರಿಗೆ ಇಷ್ಟು, ಬಳೆಯಂಗಡಿಗೆ ಇಷ್ಟು ಎಂದು ಜಾಗ ಹಂಚುತ್ತಾರೆ. ಡಮರು ಬಡಿದು, ನೆಲದ ಮೇಲೆ ಬಟ್ಟೆ ಹಾಸಿ, ನಾಲ್ಕು ಜನರನ್ನು ಸೇರಿಸಿ ಕೈಚಳಕ ತೋರಿಸುವ ಜಾದೂಗಾರನ ಹೆಸರು ಆ ಹಂಚಿಕೆಯಲ್ಲಿ ಬರುವುದಿಲ್ಲ. ಎಲ್ಲರಿಗೂ ಜಾಗ ಸಿಕ್ಕ ಮೇಲೆ ಉಳಿದ ಮೂಲೆಯಲ್ಲಿ ಅವನು ಕೂರಬೇಕು, ಪೊಲೀಸರು ಲಾಠಿ ತೋರಿಸಿದರೆ ಏಳಬೇಕು. ಇದು ತಪ್ಪು. ಅವನದು ದುಡಿಮೆ. ದುಡಿಯುವವನಿಗೆ ಸಿಗುವ ಜಾಗ ಮತ್ತು ಕಾಗದ ಅವನಿಗೂ ಸಿಗಬೇಕು.

ತೊಡಕು ಇರುವುದು ಕಾನೂನಿನಲ್ಲೇ. ಮಹಾರಾಷ್ಟ್ರದಲ್ಲಿ ಇಂದಿಗೂ ಜಾರಿಯಲ್ಲಿರುವ 1959ರ ಮುಂಬೈ ಭಿಕ್ಷಾಟನೆ ತಡೆ ಕಾಯ್ದೆ ಭಿಕ್ಷೆ ಎಂದರೆ ಏನೆಂದು ಹೇಳುವ ಕಡೆ ಕೈ ಚಾಚಿ ಬೇಡುವುದನ್ನಷ್ಟೇ ಹೇಳಿ ನಿಲ್ಲುವುದಿಲ್ಲ. ಹಾಡುವುದು, ಕುಣಿಯುವುದು, ಭವಿಷ್ಯ ಹೇಳುವುದು, ಆಟ ತೋರಿಸುವುದು, ಸಾಮಾನು ಮಾರಲು ಬರುವುದು, ಇಂಥ ಯಾವ ನೆಪದಿಂದ ಸಾರ್ವಜನಿಕ ಜಾಗದಲ್ಲಿ ಕಾಸು ಪಡೆದರೂ ಅದು ಭಿಕ್ಷೆ ಎನ್ನುತ್ತದೆ. ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದು. ಮೊದಲ ಸಲಕ್ಕೆ 1ರಿಂದ 3 ವರ್ಷ, ಮತ್ತೆ ಮತ್ತೆ ಸಿಕ್ಕಿಬಿದ್ದರೆ 10 ವರ್ಷದವರೆಗೂ ಭಿಕ್ಷುಕರ ಗೃಹದಲ್ಲಿ ಇಡಬಹುದು. ಗಡಿ ದಾಟಿ ಕರ್ನಾಟಕಕ್ಕೆ ಬಂದರೆ ಅಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಮುಂಬೈ ಕಾಯ್ದೆ ದಿಲ್ಲಿಗೂ ಅನ್ವಯಿಸುತ್ತಿತ್ತು. 2018ರ ಆಗಸ್ಟ್ 8ರಂದು ದಿಲ್ಲಿ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಆ ತೀರ್ಪಿನ ಬಲ ದಿಲ್ಲಿಗೆ ಮಾತ್ರ, ಕಾಯ್ದೆ ಹುಟ್ಟಿದ ಮಹಾರಾಷ್ಟ್ರದಲ್ಲಿ ಅದು ಹಾಗೇ ಉಳಿದಿದೆ. ಪ್ರತಿ ಜಾದೂಗಾರನನ್ನೂ ಹಿಡಿದು ಒಳಗೆ ಹಾಕುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಎಬ್ಬಿಸಿ ಓಡಿಸುವವನ ಬೆನ್ನಿಗೆ ಕಾನೂನು ನಿಂತಿದೆ, ಕೂತು ಆಟ ತೋರಿಸುವವನ ಬೆನ್ನಿಗೆ ಏನೂ ಇಲ್ಲ.

ಆಟ ತೋರಿಸುವುದು ಬೇಡುವುದಕ್ಕೆ ಬರೀ ನೆಪವೇ? ಜಾತ್ರೆಯಲ್ಲಿ ನಡೆಯುವ ಬಟ್ಟಲಾಟವನ್ನು ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ. ಮೂರು ಸಣ್ಣ ಬಟ್ಟಲು, ಪ್ರತಿಯೊಂದರ ನೆತ್ತಿಗೆ ಎರಡು ಬೆರಳ ಸಂದಿಯಲ್ಲಿ ಹಿಡಿಯಲು ಬರುವಂಥ ಗುಂಡನೆಯ ಹಿಡಿ. ಬಟ್ಟೆಯಲ್ಲಿ ಸುತ್ತಿದ ಪುಟ್ಟ ಉಂಡೆಗಳು. ಜಾದೂಗಾರ ನೆಲದ ಮೇಲೆ ಕೂತಿರುತ್ತಾನೆ, ಮೇಜಿಲ್ಲ, ಪರದೆಯಿಲ್ಲ. ಒಂದು ಬಟ್ಟಲ ಕೆಳಗೆ ಇಟ್ಟ ಉಂಡೆ ಇನ್ನೊಂದರ ಕೆಳಗೆ ಸಿಗುತ್ತದೆ, ಒಂದಿದ್ದದ್ದು ಮೂರಾಗುತ್ತದೆ, ಕೊನೆಗೆ ಬಟ್ಟಲು ಎತ್ತಿದರೆ ಅದರೊಳಗೆ ಹಿಡಿಸುವುದೇ ಕಷ್ಟವೆನ್ನಿಸುವ ಲಿಂಬೆಹಣ್ಣು ಉರುಳುತ್ತದೆ. ರಂಗಮಂದಿರದ ಜಾದೂಗಾರನನ್ನು ಜನ ಎದುರಿನಿಂದ ಮಾತ್ರ ನೋಡುತ್ತಾರೆ. ಬೆಳಕು ಅವನು ಹೇಳಿದಂತೆ ಕೇಳುತ್ತದೆ, ಟಿಕೆಟ್ ದುಡ್ಡು ಮೊದಲೇ ಪೆಟ್ಟಿಗೆಗೆ ಬಿದ್ದಿರುತ್ತದೆ. ಜಾತ್ರೆಯವನಿಗೆ ಬಲಕ್ಕೆ ಜನ, ಎಡಕ್ಕೆ ಜನ, ಬೆನ್ನ ಹಿಂದೆ ಹುಡುಗರು, ಮಟಮಟ ಮಧ್ಯಾಹ್ನದ ಬಿಸಿಲು. ಆಟ ಹಿಡಿಸದಿದ್ದರೆ ಜನ ಎದ್ದು ಹೋಗುತ್ತಾರೆ, ಅವನ ಅಂದಿನ ಕೂಲಿಯೂ ಹೋಗುತ್ತದೆ. ಅದಕ್ಕೇ ಅವನು ಕೊನೆಯ ದೊಡ್ಡ ಆಟಕ್ಕೆ ಸ್ವಲ್ಪ ಮುಂಚೆ ತಟ್ಟೆ ಹಿಡಿದು ಸುತ್ತ ಬರುತ್ತಾನೆ. ಕೈಬೆರಳ ವರ್ಷಗಟ್ಟಲೆಯ ಪಳಗು, ಮಾತಿನ ಹದ, ಜನರ ಕಣ್ಣು ಯಾವಾಗ ಎತ್ತ ತಿರುಗುತ್ತದೆ ಎಂಬ ಅರಿವು, ಇಷ್ಟೂ ಕೂಡಿದರೆ ಆ ಅರ್ಧ ಗಂಟೆಯ ಆಟ. ನೋಡಿ ಸಂತೋಷಪಟ್ಟವನು ತನಗೆ ತೋಚಿದಷ್ಟು ಕೊಡುತ್ತಾನೆ. ಬೆಲೆಯನ್ನು ನೋಡಿದವನೇ ಕಟ್ಟುತ್ತಾನೆ ಎಂಬುದೊಂದನ್ನು ಬಿಟ್ಟರೆ ಇದಕ್ಕೂ ಬೇರೆ ದುಡಿಮೆಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ನಮ್ಮ ನೆಲದ ಹಿರಿಯರು ಇದನ್ನು ಕಂಡುಕೊಂಡಿದ್ದರು. ಬಸವಣ್ಣನವರು ಬಿಜ್ಜಳನ ಬಳಿ ಕೆಲಸಕ್ಕೆ ಸೇರಿದರೆಂದು ಪರಂಪರೆ ಹೇಳುವ ಮಂಗಳವೇಢೆ ಇಂದಿನ ಸೊಲ್ಲಾಪುರ ಜಿಲ್ಲೆಯಲ್ಲಿದೆ, ಸಲಗರೆಗೆ ದೂರವೇನಲ್ಲ. 12ನೆಯ ಶತಮಾನದ ಶರಣರ ಸಾಲಿನಲ್ಲಿ ವೇಷ ಕಟ್ಟಿ ಆಡುತ್ತಿದ್ದ ಬಹುರೂಪಿ ಚೌಡಯ್ಯನಿದ್ದಾನೆ, ಜನರನ್ನು ನಗಿಸಿ ಬದುಕಿದ ನಗೆಯ ಮಾರಿತಂದೆಯಿದ್ದಾನೆ, ಢಕ್ಕೆ ಬಾರಿಸುತ್ತಿದ್ದ ಬೊಮ್ಮಣ್ಣನಿದ್ದಾನೆ. ಇವರ ಕೆಲಸವನ್ನು ಶರಣರು ಕಾಯಕವೆಂದರು, ಇವರ ವಚನಗಳನ್ನು ಉಳಿಸಿಕೊಂಡರು. ಅಂದು ಕಾಯಕವಾಗಿದ್ದನ್ನು 1959ರ ಕಾಯ್ದೆ ಭಿಕ್ಷೆಯ ನೆಪವೆಂದು ಬರೆದಿಟ್ಟಿದೆ. ಸಾಂಗ್ಲಿಗೂ ಊರೂರು ತಿರುಗುವ ಕಲಾವಿದರ ಋಣವಿದೆ. 1843ರ ನವೆಂಬರ್ 5ರಂದು ವಿಷ್ಣುದಾಸ ಭಾವೆ ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿಗರು ಆ ದಿನವನ್ನು ಇಂದಿಗೂ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಆ ನಾಟಕಕ್ಕೆ ಪ್ರೇರಣೆ ಕರ್ನಾಟಕದ ಕಡೆಯಿಂದ ಬಂದ ಭಾಗವತರ ಮೇಳದ ಆಟ. ಅದನ್ನು ನೋಡಿದ ಸಾಂಗ್ಲಿಯ ಚಿಂತಾಮಣರಾವ್ ಪಟವರ್ಧನರು ಇಂಥದ್ದನ್ನು ಮರಾಠಿಯಲ್ಲಿ ಮಾಡು ಎಂದು ಭಾವೆಗೆ ಹೇಳಿದರು. ಹೊರಗಿನಿಂದ ಬಂದ ಆ ಆಟದವರನ್ನು ಅಂದು ಗಡಿಯಲ್ಲೇ ತಡೆದು ಕಳಿಸಿದ್ದರೆ ಸಾಂಗ್ಲಿಯ ಈ ಹಿರಿಮೆಯೇ ಇರುತ್ತಿರಲಿಲ್ಲ.

ಜಾದೂ ಮೂಢನಂಬಿಕೆಗೆ ನೀರೆರೆಯುತ್ತದೆ, ಹೀಗಿರುವಾಗ ಅದಕ್ಕೆ ಊರವರೇ ಜಾಗ ಕೊಡುವುದೆಂದರೇನು ಎಂದು ಕೇಳುವವರಿದ್ದಾರೆ. ಈ ಆತಂಕವನ್ನು ಹಗುರಾಗಿ ಕಾಣಲು ಬರುವುದಿಲ್ಲ, ಅದರಲ್ಲೂ ಮಿರಜ ತಾಲೂಕಿನಲ್ಲಿ. 2022ರ ಜೂನ್‌ನಲ್ಲಿ ಇದೇ ತಾಲೂಕಿನ ಮ್ಹೈಸಾಳದಲ್ಲಿ ಒಂದೇ ಕುಟುಂಬದ 9 ಮಂದಿ ಹೆಣವಾದರು. ಸಾಲದ ಬಾಧೆಗೆ ಆತ್ಮಹತ್ಯೆ ಎಂದೇ ಮೊದಲು ಎಲ್ಲರೂ ತಿಳಿದರು. ಗುಪ್ತನಿಧಿ ತೆಗೆದುಕೊಡುವುದಾಗಿ ದುಡ್ಡು ಪಡೆದಿದ್ದ ಮಾಂತ್ರಿಕನೇ ವಿಷವಿಕ್ಕಿದ ಎಂಬುದು ಆಮೇಲೆ ಪೊಲೀಸರು ಹೊರಿಸಿದ ಆರೋಪ. ಆದರೆ ಈ ಬಗೆಯ ಮಾಂತ್ರಿಕನಿಗೂ ಜಾತ್ರೆಯ ಜಾದೂಗಾರನಿಗೂ ಇರುವ ಅಂತರ ಸಣ್ಣದಲ್ಲ. ಮಾಂತ್ರಿಕ ಬಾಗಿಲು ಹಾಕಿಕೊಂಡು, ಯಾರಿಗೂ ಹೇಳಬೇಡಿ ಎಂದು, ನಾಳೆಯ ಆಸೆ ತೋರಿಸಿ ಮನೆ ತೊಳೆಯುತ್ತಾನೆ. ಜಾದೂಗಾರ ಹಾಡಹಗಲಲ್ಲಿ, ನೂರು ಜನರ ನಡುವೆ, ಇದು ಕೈಚಳಕ ಕಣ್ರಪ್ಪಾ, ಹೊಟ್ಟೆಪಾಡಿನ ವಿದ್ಯೆ ಎಂದು ಸಾರಿ ಹತ್ತು ರೂಪಾಯಿ ಕೇಳುತ್ತಾನೆ. ಮೂಢನಂಬಿಕೆಯ ವಿರುದ್ಧ ಹೋರಾಡಿದವರಿಗೆ ಈ ಅಂತರ ಚೆನ್ನಾಗಿ ಗೊತ್ತಿತ್ತು. ಡಾ. ನರೇಂದ್ರ ದಾಭೋಲ್ಕರ್ ಅವರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಹಳ್ಳಿ ಹಳ್ಳಿಗೆ ಹೋಗಿ ಬಾಬಾಗಳ ಪವಾಡವನ್ನು ತಾವೇ ಮಾಡಿ ತೋರಿಸಿ, ಒಳಗುಟ್ಟು ಬಿಡಿಸಿ ಹೇಳಿದರು. ಕರ್ನಾಟಕದಲ್ಲಿ ಹುಲಿಕಲ್ ನಟರಾಜ್ ಮಾಡುತ್ತಿರುವುದೂ ಇದನ್ನೇ. ಅರಿಸಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ ಎಂಬುದನ್ನು ಜಾತ್ರೆಯ ಆಟದಲ್ಲಿ ಕಂಡ ಹುಡುಗಿ ನಾಳೆ ಯಾರೋ ಲಿಂಬೆಹಣ್ಣಿನಲ್ಲಿ ರಕ್ತ ಬರಿಸಿದರೆ ಬೆಚ್ಚುವುದಿಲ್ಲ. ದಾಭೋಲ್ಕರ್ 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಗೆ ಬಲಿಯಾದರು. ಆ ವರ್ಷವೇ ಬಂದ ಮಹಾರಾಷ್ಟ್ರದ ಮಾಟಮಂತ್ರ ತಡೆ ಕಾಯ್ದೆ, ಪವಾಡದ ಹೆಸರಲ್ಲಿ ದುಡ್ಡು ಕೀಳುವುದನ್ನೂ ಜನರನ್ನು ವಂಚಿಸಿ ಹೆದರಿಸುವುದನ್ನೂ ಅಪರಾಧವೆನ್ನುತ್ತದೆ. ತಾಯಿತ, ಭಸ್ಮ, ಹರಳು ಮಾರುವವನು ಜಾದೂಗಾರನ ವೇಷದಲ್ಲಿ ಬಂದರೆ ಇದೇ ಕಾಯ್ದೆಯಡಿ ಹಿಡಿಯಲಿ. ಜಾದೂಗಾರನಿಗೆ ಕೊಡುವ ಪರವಾನಗಿಯ ಮೊದಲ ಷರತ್ತೇ ಇಂಥವನ್ನು ಮಾರಬಾರದು ಎಂಬುದಾಗಲಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಆಟದವರ ಸಮುದಾಯಗಳ ಒಳಗಿನಿಂದಲೇ ಬರುತ್ತದೆ. ಮಹಾರಾಷ್ಟ್ರದ ಅಲೆಮಾರಿ ಜಾತಿಗಳ ಪಟ್ಟಿಯಲ್ಲಿ ಗಾರುಡಿಗಳಿದ್ದಾರೆ, ಮಸಣಜೋಗಿಗಳಿದ್ದಾರೆ. ಮಸಣಜೋಗಿಗಳ ಜೊತೆಗೇ ಹೆಸರಿಸಿರುವ ಸುಡುಗಾಡು ಸಿದ್ಧರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಲ್ಲಿದ್ದಾರೆ, ಕೈಚಳಕದ ವಿದ್ಯೆಗೆ ಹೆಸರಾದವರು. ಅಜ್ಜನ ಜೋಳಿಗೆ ಅಪ್ಪನ ಹೆಗಲಿಗೆ, ಅಪ್ಪನದು ಮಗನಿಗೆ, ಯಾವ ಊರಿನ ಶಾಲೆಯ ಹಾಜರಿಯಲ್ಲೂ ಮಗುವಿನ ಹೆಸರಿಲ್ಲ. ಇಂಥ ಬದುಕನ್ನು ಕಲೆಯ ಹೆಸರಲ್ಲಿ ಕಾಪಾಡಿ ಏನು ಪ್ರಯೋಜನ ಎಂದು ಆ ಮನೆಗಳ ಓದಿದ ಯುವಕರು ಕೇಳಿದರೆ ನಾನು ಅವರ ಪರವೇ. ಮಗುವನ್ನು ಚಾದರದ ಕೆಳಗೆ ಮಲಗಿಸಿ ಕತ್ತಿ ಹಾಯಿಸುವ ಆಟವನ್ನು ಯಾವ ಜಾತ್ರೆಯಲ್ಲೂ ಬಿಡಬಾರದು. ಮಗು ಶಾಲೆಯಲ್ಲಿರಬೇಕು. ಆದರೆ ಇವತ್ತು ಆಟದಿಂದಲೇ ಅನ್ನ ಉಣ್ಣುವ ನಲವತ್ತು ಐವತ್ತರ ವಯಸ್ಸಿನವನನ್ನು ಏನು ಮಾಡುತ್ತೀರಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗಾರುಡಿಗನ ಕೈಯಿಂದ ಹಾವನ್ನು ತೆಗೆದುಕೊಂಡಿತು. ಅದು ಸರಿಯಾದ ಕೆಲಸ. ಹಾವಿನ ಹಬ್ಬಕ್ಕೆ ಹೆಸರಾದ ಸಾಂಗ್ಲಿ ಜಿಲ್ಲೆಯ ಬತ್ತೀಸ ಶಿರಾಳವೇ ನಾಗರಪಂಚಮಿಯ ಜೀವಂತ ನಾಗರ ಪ್ರದರ್ಶನವನ್ನು ಕೈಬಿಡಬೇಕಾಯಿತು. ಆದರೆ ಹಾವು ಬಿಟ್ಟವನಿಗೆ ಬದಲಿ ಬದುಕು ಏನೆಂದು ಯಾರೂ ಸರಿಯಾಗಿ ಯೋಚಿಸಲಿಲ್ಲ. ಉಳಿದ ಕೈಚಳಕವನ್ನೂ ಕಸಿದರೆ ಅವನಿಗೆ ನಿಜವಾಗಿಯೂ ಭಿಕ್ಷೆಯೊಂದೇ ಗತಿ. ನನ್ನ ಮಾತು ಇಷ್ಟು: ವಿದ್ಯೆ ಜಾತಿಗೆ ಅಂಟಿಕೊಂಡಿರಬೇಕಿಲ್ಲ. ಪರವಾನಗಿ ಯಾವ ಜಾತಿಯವನಿಗೂ, ಹೆಣ್ಣುಮಕ್ಕಳಿಗೂ ಸಿಗುವಂತಿರಲಿ. ತಲೆಮಾರಿನಿಂದ ಬಂದವನಿಗೆ ಮಾತ್ರ ಅದು ಮೊದಲು ಸಿಗಲಿ.

ಭದ್ರತೆಯ ಪ್ರಶ್ನೆಯೂ ಇದೆ. ಗುಂಪು ಸೇರಿದರೆ ಜೇಬುಗಳ್ಳರು ಬರುತ್ತಾರೆ, ದಾರಿ ಕಟ್ಟುತ್ತದೆ, ಅಪರಿಚಿತರು ಯಾರೋ ಏನೋ ಎನ್ನುತ್ತಾರೆ. ತೂಗುತೊಟ್ಟಿಲ ಸುತ್ತಲೂ ಗುಂಪು ಸೇರುತ್ತದೆ, ಅದಕ್ಕೆ ಜಾಗ ಗೊತ್ತುಮಾಡಿ ಬಂದೋಬಸ್ತ್ ಹಾಕುತ್ತೇವೆ. ಅಪರಿಚಿತನ ಭಯಕ್ಕೆ ಬೆಲೆ ತೆತ್ತವರು ಮಾತ್ರ ಅಲೆಮಾರಿಗಳೇ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಮಕ್ಕಳ ಕಳ್ಳರೆಂಬ ಗಾಳಿಸುದ್ದಿಗೆ ನಾಥಪಂಥಿ ದವರಿ ಗೋಸಾವಿ ಸಮುದಾಯದ ಐವರನ್ನು ಜನ ಬಡಿದು ಕೊಂದರು. ಅವರಲ್ಲಿ ಹೆಚ್ಚಿನವರು ಮಂಗಳವೇಢೆ ಕಡೆಯವರು. 2022ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಜತ್ತ ತಾಲೂಕಿನ ಲವಂಗಾ ಗ್ರಾಮದಲ್ಲಿ, ವಿಜಾಪುರದಿಂದ ಪಂಢರಪುರಕ್ಕೆ ಹೊರಟಿದ್ದ ಉತ್ತರ ಪ್ರದೇಶದ ನಾಲ್ವರು ಸಾಧುಗಳಿಗೂ ಇದೇ ಸಂಶಯಕ್ಕೆ ಏಟು ಬಿತ್ತು. ಜೋಳಿಗೆ ಹೊತ್ತು ಊರಿಗೆ ಬರುವವನ ಜೇಬಿನಲ್ಲಿ ತಹಶೀಲ್ದಾರರ ಇಲ್ಲವೇ ಪಂಚಾಯ್ತಿಯ ಮೊಹರಿರುವ, ಫೋಟೊ ಅಂಟಿಸಿದ ಒಂದು ಚೀಟಿಯಿದ್ದರೆ ಊರವರ ಭಯವೂ ಕಡಿಮೆ, ಅವನ ಜೀವಕ್ಕೂ ಕಾವಲು.

ಇದಕ್ಕೆ ಹೊಸ ಕಾನೂನು ಬರಲೆಂದು ಕಾದು ಕೂರಬೇಕಿಲ್ಲ. 1959ರ ಕಾಯ್ದೆಯಲ್ಲೇ ಒಂದು ಬಾಗಿಲು ತೆರೆದಿದೆ: ನಿಗದಿತ ಅಧಿಕಾರಿಯಿಂದ ಅನುಮತಿ ಪಡೆದ ಉದ್ದೇಶಕ್ಕೆ ಹಣ ಪಡೆದರೆ ಅದು ಭಿಕ್ಷೆಯಾಗದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸರಕು ಮಾರುವವರ ಜೊತೆಗೆ ಸಾರ್ವಜನಿಕರಿಗೆ ಸೇವೆ ಒದಗಿಸುವವರನ್ನೂ, ಜಾಗದಿಂದ ಜಾಗಕ್ಕೆ ತಿರುಗುವವರನ್ನೂ ಬೀದಿ ವ್ಯಾಪಾರಿಗಳೆಂದೇ ಎಣಿಸುತ್ತದೆ. ಸಾಂಗ್ಲಿ–ಮಿರಜ–ಕುಪವಾಡ ಮಹಾನಗರಪಾಲಿಕೆ ಆ ಮಾತಿನ ಬಲದಿಂದಲೇ ಬೀದಿ ಕಲಾವಿದರನ್ನು ನೋಂದಾಯಿಸಬಹುದು. ಲಂಡನ್ನಿನ ಮೆಟ್ರೊ ನಿಲ್ದಾಣಗಳಲ್ಲಿ ಬಾರಿಸಿ ಹಾಡುವವರನ್ನು ಮೊದಲು ಓಡಿಸುತ್ತಿದ್ದರು. 2003ರಿಂದ ಪರೀಕ್ಷೆ ಮಾಡಿ ಪರವಾನಗಿ ಕೊಟ್ಟು, ನಿಲ್ಲಲು ಜಾಗ ಗುರುತಿಸಿದರು. ಹಳ್ಳಿಯಲ್ಲಿ ಇದು ಇನ್ನೂ ಸುಲಭ, ಜಾತ್ರೆಯ ವ್ಯವಸ್ಥೆ ಊರವರ ಕೈಯಲ್ಲೇ ಇರುತ್ತದೆ.

ಮೊಬೈಲ್ ಕಾಲದಲ್ಲಿ ಜಾದೂ ಯಾರು ನೋಡುತ್ತಾರೆ ಎಂಬ ಮಾತಿಗೆ ಜಾತ್ರೆಗೆ ಬರುವ ಜನರೇ ಉತ್ತರ ಹೇಳಲಿ, ಕಾಸು ಹಾಕುವುದು ಬಿಡುವುದು ಅವರ ಕೈಯಲ್ಲಿದೆ. ಅವರು ನೋಡುವ ಮೊದಲೇ ಆಟಗಾರನನ್ನು ಎಬ್ಬಿಸುವುದು ಬೇಡ. ಮಿರಜ, ಜತ್ತ, ಕವಠೆಮಹಾಂಕಾಳ, ಅಥಣಿ, ಕಾಗವಾಡ ತಾಲೂಕುಗಳ ಗ್ರಾಮ ಪಂಚಾಯ್ತಿಗಳಿಗೆ, ಜಾತ್ರಾ ಕಮಿಟಿಗಳಿಗೆ ನನ್ನ ವಿನಂತಿ ಇಷ್ಟೆ: ಬರುವ ಜಾತ್ರೆಯ ಸಭೆಯಲ್ಲಿ ಒಂದು ಠರಾವು ಮಾಡಿ. ಆಟದವರಿಗೆಂದು ನೆರಳಿರುವ ಒಂದು ಕಡೆ ಹದಿನೈದು ಅಡಿ ಜಾಗ ಗುರುತಿಸಿ, ಬಾಡಿಗೆ ಕೇಳಬೇಡಿ, ಒಂದು ವಹಿಯಲ್ಲಿ ಹೆಸರು ಬರೆದುಕೊಂಡು ಮೊಹರು ಹಾಕಿದ ಚೀಟಿ ಕೊಡಿ, ಅದರ ಒಂದು ಪ್ರತಿಯನ್ನು ಪೊಲೀಸ್ ಠಾಣೆಗೆ ಕಳಿಸಿ.